ಚಾಕಲೇಟ್ ಕಾಗದದ ಫ್ಯೂಸು

"ಟಪ್!"

ಸದ್ದು ಚಿಕ್ಕದೇ. ಆದರೆ ಅದರ ಹಿಂದೆಯೇ ಬೈಕಿನ ಮುಂದಿನ ದೀಪ ಆರಿತು. ಹೊಸದಾಗಿ ಕೂರಿಸಿದ್ದ ಎರಡು ಫಾಗ್ ಲೈಟ್ ಆರಿದವು. ಜೋಡಿ ಹಾರ್ನ್ "ಪೋಂ..." ಎಂದು ಶುರು ಮಾಡಿದ್ದನ್ನು ಅರ್ಧಕ್ಕೇ ನುಂಗಿಕೊಂಡಿತು.

"ಮೂರನೇ ಫ್ಯೂಸು," ಎಂದಳು ಚೂಟಿ, ಹಾರ್ನಿನ ಬಟನ್ ಮೇಲಿಂದ ಬೆರಳು ತೆಗೆಯುತ್ತಾ.

"ನನಗೂ ಎಣಿಸೋಕೆ ಬರುತ್ತೆ," ಎಂದ ತಾತ.

ಅವನ ತಲೆ ಸೀಟು ಬಿಚ್ಚಿಟ್ಟ ಬೈಕಿನ ಹೊಟ್ಟೆಯೊಳಗಿತ್ತು. ಹೊರಗೆ ಕಾಣುತ್ತಿದ್ದದ್ದು ಅರ್ಧ ಬೋಳುತಲೆ, ಒಂದು ಕಿವಿ ಮತ್ತು ಕಿವಿಗೆ ಸಿಕ್ಕಿಸಿಕೊಂಡ ಸ್ಕ್ರೂಡ್ರೈವರ್. ಅದೇ ಸ್ಕ್ರೂಡ್ರೈವರನ್ನು ಅವನು ಹತ್ತು ನಿಮಿಷದಿಂದ ಹುಡುಕುತ್ತಿದ್ದ. ಚೂಟಿ ಹೇಳಿರಲಿಲ್ಲ. ಹುಡುಕುವಾಗ ತಾತ ಬೈಯುವ ಬೈಗುಳಗಳು ಅವಳಿಗೆ ತುಂಬ ಇಷ್ಟ.

ಬೈಕು ಅಮ್ಮನದು. ಅಮ್ಮ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಬೆಳಗಾದರೆ ಮನೆಮನೆಗೆ ಹೋಗಿ ಜನರ ರಕ್ತ ತೆಗೆದು, ಪುಟ್ಟ ಟ್ಯೂಬುಗಳಿಗೆ ತುಂಬಿ, ಐಸ್ ಡಬ್ಬಿಯಲ್ಲಿಟ್ಟು ಲ್ಯಾಬಿಗೆ ತಲುಪಿಸುವುದು ಅವಳ ಕೆಲಸ. ಎಂಥ ದಪ್ಪ ಕೈಯಲ್ಲೂ ನರ ಎಲ್ಲಿದೆ ಎಂದು ಕಣ್ಣುಮುಚ್ಚಿ ಹೇಳುತ್ತಾಳೆ. ಗಾಡಿಯ ಕೀ ಎಲ್ಲಿದೆ ಎಂದು ಮಾತ್ರ ಕಣ್ಣು ಬಿಟ್ಟುಕೊಂಡರೂ ಗೊತ್ತಾಗುವುದಿಲ್ಲ.

ಇವತ್ತು ಭಾನುವಾರ. ಅಮ್ಮ ಲ್ಯಾಬಿನ ಮೀಟಿಂಗಿಗೆ ಬಸ್ಸಿನಲ್ಲಿ ಹೋಗಿದ್ದಳು. ಐದು ಗಂಟೆಗೆ ಬರುತ್ತಾಳೆ. ಅಷ್ಟರೊಳಗೆ ಅವಳಿಗೊಂದು ಸರ್‌ಪ್ರೈಸ್ ಕೊಡಬೇಕೆಂದು ತಾತ-ಮೊಮ್ಮಗಳು ಬೆಳಿಗ್ಗೆಯಿಂದ ಬೈಕಿನ ಮೈ ಬಿಚ್ಚಿ ಕೂತಿದ್ದರು.

ಸರ್‌ಪ್ರೈಸ್ ಎಂದು ಹೆಸರಿಗೆ ಹೇಳಿದ್ದು. ನಿಜ ಹೇಳಬೇಕೆಂದರೆ ಆ ಹಾರ್ನ್ ಬೇಕಾಗಿದ್ದದ್ದು ಚೂಟಿಗೆ. ಬೈಕಿನ ಹಳೆಯ ಹಾರ್ನ್ ಬೆಕ್ಕಿನ ಮರಿ ಸೀನಿದ ಹಾಗೆ ಕೂಗುತ್ತಿತ್ತು. ಅಮ್ಮ ಶಾಲೆಯ ಗೇಟಿನ ಹತ್ತಿರ ಅದನ್ನು ಒತ್ತಿದರೆ ಸಾಕು, ಚೂಟಿಯ ಕ್ಲಾಸಿನ ಮೈಕು ಮೂಗು ಹಿಡಿದುಕೊಂಡು "ಪ್ಚೀ!" ಎನ್ನುತ್ತಿದ್ದ. ಅವನ ಗಂಟಲು ಅಂಥದ್ದು, ಅದಕ್ಕೇ ಆ ಹೆಸರು. ಅವನು ಒಂದು ಸಲ "ಪ್ಚೀ" ಎಂದರೆ ಇಡೀ ಐದನೇ ಕ್ಲಾಸು ಸೀನುತ್ತಿತ್ತು.

"ನಮ್ಮ ತಾತ ಹೊಸ ಹಾರ್ನ್ ಹಾಕ್ತಾನೆ ನೋಡು," ಎಂದು ಶನಿವಾರವೇ ಚೂಟಿ ಸವಾಲು ಹಾಕಿದ್ದಳು. "ಸೋಮವಾರ ಗೇಟ್ ಹತ್ರ ನಿಂತಿರು. ಕಿವಿಗೆ ಹತ್ತಿ ಇಟ್ಕೊಂಡು ಬಾ. ನಮ್ಮ ತಾತ ಕೈ ಹಾಕಿದ್ರೆ ಆಗದೇ ಇರೋ ಕೆಲಸಾನೇ ಇಲ್ಲ."

ಇದನ್ನು ಅವಳು ಮೈಕುಗೆ ಮಾತ್ರ ಹೇಳಿರಲಿಲ್ಲ. ಬೀದಿಗೆಲ್ಲ ಹೇಳಿದ್ದಳು.

ತಾತ ನಲವತ್ತು ವರ್ಷ ಟೆಲಿಫೋನ್ ಲೈನ್‌ಮನ್ ಆಗಿದ್ದವನು. ಕಂಬ ಹತ್ತಿ ಸತ್ತ ಲೈನಿಗೆ ಜೀವ ಕೊಡುವುದು ಅವನ ಕೆಲಸವಾಗಿತ್ತು. ಈಗ ಹತ್ತುವುದಕ್ಕೆ ಕಂಬವಿಲ್ಲ. ಹಾಗಾಗಿ ಮನೆಯಲ್ಲಿರುವ ಸಾಮಾನುಗಳನ್ನೆಲ್ಲ ರಿಪೇರಿ ಮಾಡುತ್ತಾನೆ. ಅವನು ರಿಪೇರಿ ಮಾಡಿದ ಫ್ಯಾನು ಉಲ್ಟಾ ತಿರುಗುತ್ತದೆ. ಇಸ್ತ್ರಿಪೆಟ್ಟಿಗೆ ಚೆನ್ನಾಗಿಯೇ ಬಿಸಿಯಾಗುತ್ತದೆ, ಆದರೆ ಹಿಡಿಕೆಯಲ್ಲಿ. ಚೂಟಿ ಇದನ್ನೆಲ್ಲ ಲೆಕ್ಕಕ್ಕೆ ಇಟ್ಟುಕೊಂಡವಳಲ್ಲ.

ಗುಜರಿ ಅಂಗಡಿಯಿಂದ ತಾತ ಹಳೇ ಕಾರೊಂದರ ಜೋಡಿ ಹಾರ್ನ್ ತಂದಿದ್ದ. ಜೊತೆಗೆ ಅದೇ ಕಾರಿನ ಎರಡು ಫಾಗ್ ಲೈಟ್. "ಇವು ಯಾಕೆ ತಾತ?" ಎಂದರೆ, "ಹಾರ್ನ್ ಒಂದೇ ಹಾಕಿದ್ರೆ ಗಾಡಿಗೆ ಬೇಜಾರಾಗುತ್ತೆ," ಎಂದಿದ್ದ. ಎಲ್ಲದರ ವೈರನ್ನೂ ಬೈಕಿನ ವೈರುಗಳ ಜೊತೆಗೇ ಸೇರಿಸಿ, ತಿರುಚಿ, ಮೇಲೆ ಕಪ್ಪು ಟೇಪು ಸುತ್ತಿದ್ದ. ಫಾಗ್ ಲೈಟಿಗೆ ಸ್ವಿಚ್ಚೂ ಇಟ್ಟಿರಲಿಲ್ಲ. ಕೀ ತಿರುಗಿಸಿದರೆ ಅವೂ ಹೊತ್ತಿಕೊಳ್ಳುತ್ತಿದ್ದವು.

ಈಗ ಒಂದೇ ತೊಂದರೆ. ಎಲ್ಲ ಒಟ್ಟಿಗೆ ಹೊತ್ತಿ, ಹಾರ್ನ್ ಒತ್ತಿದ ಕೂಡಲೇ, ಟಪ್!

"ಓಡು," ಎಂದ ತಾತ. "ವೈರಿಂಗ್ ಅಕ್ಕನ ಹತ್ರ ಇನ್ನೊಂದು ಫ್ಯೂಸ್ ತಗೊಂಡು ಬಾ."

ವೈರಿಂಗ್ ಅಕ್ಕನ ಅಂಗಡಿ ಬೀದಿಯ ತುದಿಯಲ್ಲಿತ್ತು. ಅಕ್ಕ ಎಂಜಿನ್ ಮುಟ್ಟುವುದಿಲ್ಲ, ಬ್ರೇಕ್ ಮುಟ್ಟುವುದಿಲ್ಲ, ಪಂಕ್ಚರ್ ಎಂದರೆ ಮುಖ ತಿರುಗಿಸುತ್ತಾಳೆ. ಬೈಕು ಸ್ಕೂಟರುಗಳ ವೈರಿಂಗ್ ಒಂದೇ ಅವಳ ಕೆಲಸ. ಗೋಡೆಯ ಮೇಲೆ ಕೆಂಪು, ಹಸಿರು, ಹಳದಿ ವೈರಿನ ಸುರುಳಿಗಳು ನೇತಾಡುತ್ತಿದ್ದವು.

"ಅಕ್ಕಾ, ಇನ್ನೊಂದು ಫ್ಯೂಸ್. ಕೆಂಪು ಬಣ್ಣದ್ದು. ಹತ್ತು ಆಂಪ್ದು."

ಅಕ್ಕ ಕೈಯಲ್ಲಿದ್ದ ವೈರ್ ಕತ್ತರಿ ಕೆಳಗಿಟ್ಟಳು. "ಬೆಳಿಗ್ಗೆ ಒಂದು ಒಯ್ದೆ. ಹನ್ನೊಂದಕ್ಕೆ ಒಂದು ಒಯ್ದೆ. ತಿಂತಾ ಇದೀಯಾ ಹೇಗೆ?"

"ಸ್ಕೂಲ್ ಪ್ರಾಜೆಕ್ಟ್ ಅಕ್ಕ."

"ಏನು ಪ್ರಾಜೆಕ್ಟು?"

"ಫ್ಯೂಸ್ ಕಲೆಕ್ಷನ್," ಎಂದಳು ಚೂಟಿ. ಅಕ್ಕ ಹುಬ್ಬೇರಿಸಿದಾಗ ಸೇರಿಸಿದಳು, "ಎಲೆ ಎಲ್ಲ ಅಂಟಿಸ್ತೀವಲ್ಲ, ಹಾಗೆ."

"ಸುಟ್ಟಿರೋದನ್ನ ಕೊಡು ನೋಡೋಣ."

ಚೂಟಿ ಜೇಬಿನಿಂದ ಮೂರು ಸತ್ತ ಫ್ಯೂಸು ತೆಗೆದು ಕೊಟ್ಟಳು. ಅಕ್ಕ ಒಂದೊಂದನ್ನೇ ಬೆಳಕಿಗೆ ಹಿಡಿದಳು. ಬೆರಳಿನ ಉಗುರಿನಷ್ಟು ಪ್ಲಾಸ್ಟಿಕ್, ಅದರೊಳಗೆ ಇರಬೇಕಿದ್ದ ಸಣ್ಣ ತಂತಿ ಮಧ್ಯದಲ್ಲಿ ಕರಗಿ ಹೋಗಿತ್ತು.

"ಒಂದು ಹೋದ್ರೆ ಹಳೇದಾಗಿತ್ತು ಅನ್ನಬಹುದು. ಎರಡು ಹೋದ್ರೆ ಗಾಡಿ ಏನೋ ಹೇಳ್ತಾ ಇದೆ ಅಂತ. ಮೂರೂ ಹೋದ ಮೇಲೆ ನಾನು ಇನ್ನೊಂದು ಕೊಡಲ್ಲ. ಇದು ನಮ್ಮ ಅಂಗಡಿ ರೂಲ್ಸು. ಗಾಡಿ ತಗೊಂಡು ಬಾ."

"ದುಡ್ಡು ತಂದಿದೀನಿ ಅಕ್ಕ!"

"ದುಡ್ಡು ನೀನೇ ಇಟ್ಕೊ. ಗಾಡಿ ತಾ."

ಚೂಟಿ ಸತ್ತ ಫ್ಯೂಸುಗಳನ್ನೇ ವಾಪಸ್ ಜೇಬಿಗೆ ಹಾಕಿಕೊಂಡು ಮನೆಗೆ ಬಂದಳು. ವಿಷಯ ಕೇಳಿ ತಾತ ಮಗುಚಿ ಹಾಕಿದ ಬಕೆಟ್ಟಿನ ಮೇಲೆ ಕೂತ. ಬೋಳುತಲೆ ಒರೆಸಿಕೊಂಡ. ಬೈಕನ್ನೊಮ್ಮೆ ನೋಡಿದ.

"ಚೂಟಿ," ಎಂದ ಮೆಲ್ಲಗೆ, "ಈ ಲೈಟುಗಳನ್ನ ತೆಗೆದುಬಿಡೋಣ್ವಾ? ಹಾರ್ನಲ್ಲೂ ಒಂದು ಸಾಕೇನೋ..."

"ತಾತಾ! ಮೈಕು ನಾಳೆ ಇಡೀ ಕ್ಲಾಸನ್ನ ಗೇಟ್ ಹತ್ರ ನಿಲ್ಲಿಸ್ತಾನೆ! ನಿನ್ನ ಕೈಲಿ ಆಗಲ್ವಾ?"

ತಾತನ ಬೆನ್ನು ನೆಟ್ಟಗಾಯಿತು. "ಆಗಲ್ಲ ಅಂತ ಯಾರಂದ್ರು? ನಮ್ಮ ಟೆಲಿಫೋನ್ ಲೈನಲ್ಲಿ ನಲವತ್ತೆಂಟು ವೋಲ್ಟ್ ಇರ್ತಿತ್ತು, ಗೊತ್ತಾ? ಈ ಬೈಕಿನ ಬ್ಯಾಟರಿ ಬರೀ ಹನ್ನೆರಡು. ನಲವತ್ತೆಂಟರ ಜೊತೆ ಸಂಸಾರ ಮಾಡಿದವನು ಹನ್ನೆರಡಕ್ಕೆ ಹೆದರ್ತೀನಾ? ಲೈನ್ ಸತ್ತರೆ ಮೊದಲು ಎಬ್ಬಿಸೋದು, ಆಮೇಲೆ ನಿಧಾನವಾಗಿ ರಿಪೇರಿ. ಅದು ನಮ್ಮ ಡಿಪಾರ್ಟ್‌ಮೆಂಟ್ ಪದ್ಧತಿ. ಕೈಗೆ ಏನು ಸಿಗುತ್ತೋ ಅದರಲ್ಲೇ ಜಾಯಿಂಟ್ ಹೊಡೀತಿದ್ವಿ."

ಆಮೇಲೆ ಕೇಳಿದ. "ನಿನ್ನ ಹತ್ರ ಚಾಕಲೇಟ್ ಇದೆಯಾ?"

"ಇದು ತಿನ್ನೋ ಟೈಮಾ ತಾತ?"

"ಚಾಕಲೇಟ್ ನೀನು ತಿನ್ನು. ಒಳಗಿನ ಬೆಳ್ಳಿ ಕಾಗದ ನನಗೆ ಕೊಡು."

ಇಂಥ ರಿಪೇರಿಯನ್ನು ಚೂಟಿ ಜನ್ಮದಲ್ಲಿ ನೋಡಿರಲಿಲ್ಲ. ತಾತ ಸತ್ತ ಫ್ಯೂಸಿನ ಎರಡೂ ಕಾಲಿಗೆ ಬೆಳ್ಳಿ ಕಾಗದ ಸುತ್ತಿ ಅದರ ಜಾಗದಲ್ಲಿ ಒತ್ತಿದ. ಕೀ ತಿರುಗಿಸಿದ. ದೀಪ ಬಂತು. ಫಾಗ್ ಲೈಟ್ ಬಂತು. ಚೂಟಿ ಬಟನ್ ಒತ್ತಿದಳು.

"ಪೋಂಂಂಂಂಂ!"

ಪಕ್ಕದ ಮನೆಯವರ ಕೈಯಿಂದ ಬಕೆಟ್ ಬಿತ್ತು. ಬೀದಿಯ ನಾಯಿಗಳೆಲ್ಲ ಎದ್ದು, ಯಾರನ್ನು ನೋಡಿ ಬೊಗಳಬೇಕೆಂದು ತಿಳಿಯದೆ ಒಂದನ್ನೊಂದು ನೋಡಿ ಬೊಗಳಿದವು. ಚೂಟಿ ಕುಣಿದಳು. ತಾತನೂ ನಕ್ಕ. ಆದರೆ ಸೀಟು ಮುಚ್ಚುವ ಮುಂಚೆ ಒಂದು ಸಲ ವೈರನ್ನು ಮುಟ್ಟಿ ನೋಡಿದ. ಯಾಕೆಂದು ಚೂಟಿ ಕೇಳಲಿಲ್ಲ.

ಐದು ಗಂಟೆಗೆ ಅಮ್ಮ ಬಂದಳು. ಲೈಟು ನೋಡಿದಳು, ಹಾರ್ನ್ ಕೇಳಿದಳು, ಎದೆಯ ಮೇಲೆ ಕೈ ಇಟ್ಟುಕೊಂಡಳು. ಆಮೇಲೆ ಜೋರಾಗಿ ನಕ್ಕಳು.

"ಚೆನ್ನಾಗೇ ಇದೆ. ಆದ್ರೆ ವೈರಿಂಗ್ ಅಕ್ಕಂಗೆ ಒಂದು ಸಲ ತೋರಿಸಿದ್ರಾ?"

ತಾತ ಬಾಯಿ ತೆರೆದ. ಅವನು ಮಾತಾಡುವ ಮೊದಲೇ ಚೂಟಿಯ ಬಾಯಿಂದ ಬಂತು, "ತೋರಿಸಿದ್ವಿ ಅಮ್ಮ."

ತಾತನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಕೆಮ್ಮುತ್ತಾ ಕೆಮ್ಮುತ್ತಾ ಒಳಗೆ ಹೋದ.

ಸೋಮವಾರ ಬೆಳಿಗ್ಗೆ ಶಾಲೆಯ ಗೇಟಿನ ಹತ್ತಿರ ನಡೆದದ್ದನ್ನು ಚೂಟಿ ಸಾಯುವ ತನಕ ಮರೆಯುವುದಿಲ್ಲ. ಅಮ್ಮ ಹಾರ್ನ್ ಒತ್ತಿದಳು. ವಾಚ್‌ಮನ್ ಬಾಯಿಂದ ಸೀಟಿ ಜಾರಿತು. ಒಂದನೇ ಕ್ಲಾಸಿನ ಇಬ್ಬರು ಅಳಲು ಶುರು ಮಾಡಿದರು. ಮೈಕು ಮೂಗಿಗೆ ಹಿಡಿದಿದ್ದ ಕೈಯನ್ನು ಹಾಗೇ ಮರೆತು ನಿಂತ.

"ಇನ್ನೊಂದ್ಸಲ ಆಂಟಿ!" ಎಂದು ಅವನೇ ಕೇಳಿದ. ಅಮ್ಮ ಇನ್ನೊಂದು ಸಲ ಒತ್ತಿದಳು.

ಚೂಟಿ ರಾಣಿಯ ಗತ್ತಿನಲ್ಲಿ ಕೆಳಗಿಳಿದಳು. ಇಳಿಯುವಾಗ ಮೂಗಿಗೆ ಏನೋ ಬಡಿಯಿತು. ಪ್ಲಾಸ್ಟಿಕ್ ಬಾಚಣಿಗೆಯನ್ನು ಬೆಂಕಿಗೆ ಹಿಡಿದ ಹಾಗೆ ಒಂದು ಕಮಟು.

ಅಮ್ಮನೂ ಮೂಗು ಅರಳಿಸಿದಳು. "ಏನೋ ಸುಟ್ಟ ವಾಸನೆ ಅಲ್ವಾ?"

ಎಲ್ಲರೂ ನೋಡುತ್ತಿದ್ದರು. ಈಗ ಸೀಟು ತೆಗೆದು ಬೆಳ್ಳಿ ಕಾಗದ ಹೊರಗೆ ಬಂದರೆ ಮಾನ ಹೋದ ಹಾಗೆಯೇ.

"ಡಾಂಬರು ಅಮ್ಮ. ಆ ಕಡೆ ರೋಡ್ ಹಾಕ್ತಿದಾರೆ."

"ಹೌದಾ," ಎಂದು ಅಮ್ಮ ಹೊರಟಳು. ಬೈಕಿನ ಹಿಂದೆ ಐಸ್ ಡಬ್ಬಿ ಕುಲುಕುತ್ತಾ ತಿರುವಿನಲ್ಲಿ ಮರೆಯಾಯಿತು. ಆ ಕಡೆ ಯಾರೂ ರೋಡ್ ಹಾಕುತ್ತಿರಲಿಲ್ಲ.

ಮೊದಲ ಪೀರಿಯಡ್ಡಿನಲ್ಲಿ ಚೂಟಿ ಹೀರೋಯಿನ್ ಆಗಿದ್ದಳು. ಎರಡನೇ ಪೀರಿಯಡ್ಡಿನಲ್ಲಿ ಪಕ್ಕದಲ್ಲಿ ಕೂತ ಮೈಕು ಮೂಸತೊಡಗಿದ.

"ಏಯ್, ನಿನ್ನ ಬ್ಯಾಗಿಂದ ಸುಟ್ಟ ವಾಸನೆ ಬರ್ತಿದೆ ಕಣೇ."

ಚೂಟಿ ಬ್ಯಾಗನ್ನು ಮೂಗಿಗೆ ಹಿಡಿದಳು. ಅದೇ ಬಾಚಣಿಗೆಯ ವಾಸನೆ. ಬ್ಯಾಗು ಸೀಟಿನ ಮೇಲೆ, ಅವಳ ಮತ್ತು ಅಮ್ಮನ ನಡುವೆ ಇತ್ತು. ಅಂದರೆ ಹೊಗೆ ಸೀಟಿನ ಕೆಳಗಿನಿಂದಲೇ ಬಂದಿರಬೇಕು.

ಮೂರು ಸಲ ಫ್ಯೂಸು ಸತ್ತಿತ್ತು. ಗಾಡಿ ಏನೋ ಹೇಳ್ತಾ ಇದೆ ಎಂದು ಅಕ್ಕ ಹೇಳಿದ್ದಳು. ಈಗ ಹೇಳುವುದಕ್ಕೆ ಫ್ಯೂಸೇ ಇಲ್ಲ. ಅದರ ಮೇಲೆ ಅಮ್ಮ ಕೂತಿದ್ದಾಳೆ.

ಬೋರ್ಡಿನ ಮೇಲೆ ಟೀಚರ್ ಏನು ಬರೆಯುತ್ತಿದ್ದರೋ ಅವಳಿಗೆ ಕಾಣಲಿಲ್ಲ. ಅಳು ಬರುತ್ತಿತ್ತು. ಅವಳು ಎದ್ದು ನಿಂತು, "ಟೀಚರ್, ಆಫೀಸ್ ರೂಮಿಗೆ ಹೋಗ್ಬೇಕು," ಎಂದಳು. ಉತ್ತರಕ್ಕೆ ಕಾಯದೆ ಓಡಿದಳು.

ಆಫೀಸಿನ ಮೇಡಂ ಕನ್ನಡಕದ ಮೇಲಿನಿಂದ ನೋಡಿದರು. "ಫೋನಾ? ಜ್ವರಕ್ಕೆ, ವಾಂತಿಗೆ, ಬಿದ್ದು ಗಾಯ ಆದ್ರೆ, ಇಷ್ಟಕ್ಕೇ ಫೋನು. ನಿನಗೆ ಇದರಲ್ಲಿ ಯಾವುದು?"

"ಯಾವುದೂ ಅಲ್ಲ ಮೇಡಂ. ನಾನು ಅಮ್ಮಂಗೆ ಸುಳ್ಳು ಹೇಳಿದೀನಿ."

"ಅದಕ್ಕೆ ಫೋನ್ ಬೇಡ. ಹೆಡ್‌ಮಾಸ್ಟರ್ ರೂಮ್ ಆ ಕಡೆ."

"ಅಮ್ಮನ ಬೈಕಿಗೆ ಬೆಂಕಿ ಹತ್ತುತ್ತೆ ಮೇಡಂ!"

ಮೇಡಂ ಪೆನ್ನು ಕೆಳಗಿಟ್ಟು ಫೋನನ್ನು ಅವಳ ಕಡೆ ತಳ್ಳಿದರು.

ಮೊದಲ ಸಲ ರಿಂಗ್ ಆಗಿ ಆಗಿ ನಿಂತಿತು. ಗಾಡಿ ಓಡಿಸುವಾಗ ಅಮ್ಮ ಫೋನ್ ತೆಗೆಯುವುದಿಲ್ಲ. ಎರಡನೇ ಸಲವೂ ತೆಗೆಯಲಿಲ್ಲ. ಮೂರನೇ ಸಲ ಟ್ರಾಫಿಕ್ಕಿನ ಗದ್ದಲದ ನಡುವೆ ಅಮ್ಮನ ಧ್ವನಿ ಬಂತು.

"ಯಾರು? ಸ್ಕೂಲಿಂದಾ? ಚೂಟಿಗೆ ಏನಾಯ್ತು?"

"ಅಮ್ಮಾ, ಗಾಡಿ ನಿಲ್ಸು! ಅದರೊಳಗೆ ಫ್ಯೂಸ್ ಇಲ್ಲ. ಚಾಕಲೇಟ್ ಕಾಗದ ಇದೆ. ನಾವು ಅಕ್ಕಂಗೆ ತೋರಿಸ್ಲೇ ಇಲ್ಲ. ರೋಡೂ ಹಾಕ್ತಿರ್ಲಿಲ್ಲ. ಎಲ್ಲಾ ಸುಳ್ಳು. ಇಳಿ ಅಮ್ಮ, ಬೇಗ ಇಳಿ!"

"ನಿಲ್ಲಿಸಿದೀನಿ, ನಿಲ್ಲಿಸಿಯೇ ಫೋನ್ ತೆಗೆದೆ. ಚಾಕಲೇಟ್ ಏನು? ನನಗೆ ಒಂದೂ..." ಅಮ್ಮ ಮಾತು ನಿಲ್ಲಿಸಿದಳು. "ಅಯ್ಯಯ್ಯೋ. ಹೊಗೆ!"

ಫೋನ್ ಕಟ್ಟಾಯಿತು.

ಮೇಡಂ ಚೂಟಿಯನ್ನು ಕುರ್ಚಿಯಲ್ಲಿ ಕೂರಿಸಿ ನೀರು ಕೊಟ್ಟರು. ಚೂಟಿ ಲೋಟವನ್ನು ಪಕ್ಕಕ್ಕಿಟ್ಟು ಫೋನನ್ನೇ ನೋಡಿದಳು. ಮೇಡಂ ಮತ್ತೆ ಮತ್ತೆ ನಂಬರ್ ಒತ್ತಿದರು. ಅಮ್ಮನಿಗೆ ಏನಾದರೂ ಆದರೆ ಎಂದು ಚೂಟಿಗೆ ಒಂದು ಸಲ ಅನ್ನಿಸಿತು. ಆಮೇಲೆ ಅದನ್ನು ಬಿಟ್ಟು ಬೇರೇನೂ ಅನ್ನಿಸಲಿಲ್ಲ. ಗೋಡೆಯ ಗಡಿಯಾರದಲ್ಲಿ ಆರು ನಿಮಿಷ ಕಳೆದ ಮೇಲೆ ಫೋನೇ ರಿಂಗಾಯಿತು.

"ನಾನು ಚೆನ್ನಾಗಿದೀನಿ," ಎಂದಳು ಅಮ್ಮ. "ಕೀ ತೆಗೆದು, ಐಸ್ ಡಬ್ಬಿ ಎತ್ಕೊಂಡು ದೂರ ಬಂದೆ. ಹೊಗೆ ನಿಂತಿದೆ. ಸ್ಯಾಂಪಲ್‌ಗಳನ್ನ ಆಟೋದಲ್ಲಿ ಲ್ಯಾಬಿಗೆ ಕೊಟ್ಟು ಬರ್ತೀನಿ. ಸ್ಕೂಲ್ ಬಿಟ್ಟ ಮೇಲೆ ಸೀದಾ ವೈರಿಂಗ್ ಅಕ್ಕನ ಅಂಗಡಿಗೆ ಬಾ."

ಅಷ್ಟೇ. ಬೈಗುಳ ಇಲ್ಲ. ಚೂಟಿ ಆಗ ಗಟ್ಟಿಯಾಗಿ ಅತ್ತಳು.

ಸಂಜೆ ಅಂಗಡಿಯಲ್ಲಿ ಬೈಕು ಸೀಟು, ಟ್ಯಾಂಕು ಎಲ್ಲ ಕಳಚಿಕೊಂಡು ನಿಂತಿತ್ತು. ಖಾಲಿ ಐಸ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅಮ್ಮ ಸ್ಟೂಲಿನ ಮೇಲೆ ಕೂತಿದ್ದಳು. ತಾತ ಮೂಲೆಯಲ್ಲಿ ನಿಂತಿದ್ದ. ಕ್ಲಾಸಿನ ಹೊರಗೆ ನಿಲ್ಲಿಸಿದ ಹುಡುಗನ ಹಾಗೆ ಕೈಕಟ್ಟಿಕೊಂಡಿದ್ದ.

ವೈರಿಂಗ್ ಅಕ್ಕ ಒಂದು ಕಪ್ಪು ಉಂಡೆಯನ್ನು ಎತ್ತಿ ತೋರಿಸಿದಳು. ನಿನ್ನೆ ಅವು ಕೆಂಪು, ನೀಲಿ, ಹಸಿರು ವೈರುಗಳು. ಈಗ ಕರಗಿ ಒಂದಾಗಿದ್ದವು.

"ನಿನ್ನ ಫ್ಯೂಸ್ ಕಲೆಕ್ಷನ್ ನೋಡು," ಎಂದಳು. "ಇದು ಎಲ್ಲಿತ್ತು ಗೊತ್ತಾ? ಪೆಟ್ರೋಲ್ ಟ್ಯಾಂಕ್ ಕೆಳಗೆ. ಮಧ್ಯೆ ಒಂದು ಬೆರಳು ಜಾಗ."

ಚೂಟಿ ಅಮ್ಮನ ಪಕ್ಕಕ್ಕೆ ಸರಿದಳು.

"ಈಗ ನೀನೇ ಲೆಕ್ಕ ಹಾಕು." ಅಕ್ಕ ಒಂದು ರಟ್ಟು, ಪೆನ್ಸಿಲ್ಲು ಕೊಟ್ಟಳು. "ಫಾಗ್ ಲೈಟ್ ಮೇಲೆ ಎಷ್ಟು ವಾಟ್ ಅಂತ ಬರ್ದಿದೆ?"

"ಐವತ್ತೈದು. ಎರಡಕ್ಕೆ ನೂರಾ ಹತ್ತು."

"ವಾಟನ್ನ ವೋಲ್ಟಿಂದ ಭಾಗಿಸಿದ್ರೆ ಎಷ್ಟು ಆಂಪು ಕರೆಂಟು ಹರಿಯುತ್ತೆ ಅಂತ ಸಿಗುತ್ತೆ. ಹನ್ನೆರಡರಿಂದ ಭಾಗಿಸು."

"ಒಂಬತ್ತು. ಇನ್ನೂ ಸ್ವಲ್ಪ ಉಳಿಯುತ್ತೆ."

"ಉಳಿದಿದ್ದು ಬಿಡು. ಹೆಡ್‌ಲೈಟ್ ಮೂರು. ಬ್ರೇಕ್ ಲೈಟು, ಇಂಡಿಕೇಟರು ಅದೂ ಇದೂ ಮೂರು. ಹಾರ್ನ್ ಒಂದಕ್ಕೆ ಐದು, ಎರಡಕ್ಕೆ?"

"ಹತ್ತು. ಎಲ್ಲಾ ಸೇರಿ... ಇಪ್ಪತ್ತೈದು."

"ಈ ವೈರು ತಡ್ಕೊಳೋದು ಹತ್ತು. ನಿಮ್ಮ ಕ್ಲಾಸ್ ಬಾಗಿಲಲ್ಲಿ ಒಟ್ಟಿಗೆ ಎಷ್ಟು ಜನ ತೂರಬಹುದು?"

"ಇಬ್ಬರು," ಎಂದಳು ಚೂಟಿ. "ಐದು ಜನ ನುಗ್ಗಿದ್ರೆ ಚೌಕಟ್ಟು ಕಿತ್ಕೊಂಡು ಬರುತ್ತೆ. ಹೋದ ವರ್ಷ ಬಂದಿತ್ತು."

"ಅದೇ. ವೈರು ಅಂದ್ರೆ ಬಾಗಿಲು. ಫ್ಯೂಸು ಅಂದ್ರೆ ಅಲ್ಲಿ ನಿಂತಿರೋ ಟೀಚರ್. ಜಾಸ್ತಿ ಜನ ನುಗ್ಗಿದ್ರೆ ಬಾಗಿಲು ಮುಚ್ಚಿಬಿಡ್ತಾರೆ, ಯಾರೂ ಹೋಗೋ ಹಾಗಿಲ್ಲ. ನೀವು ಆ ಟೀಚರನ್ನ ಕಳಿಸಿ ಚಾಕಲೇಟ್ ಕಾಗದನ ನಿಲ್ಲಿಸಿದ್ರಿ. ಅದು ಎಲ್ಲರಿಗೂ ಬನ್ನಿ ಬನ್ನಿ ಅಂತು."

ಮೂಲೆಯಿಂದ ತಾತನ ಧ್ವನಿ ಬಂತು. "ಹನ್ನೆರಡೇ ವೋಲ್ಟ್ ಅಲ್ವಾ ಅಂತ..."

"ತಾತ, ನಿಮ್ಮ ಟೆಲಿಫೋನ್ ಲೈನಲ್ಲಿ ವೋಲ್ಟ್ ಜಾಸ್ತಿ, ನಿಜ. ಆದ್ರೆ ಹರೀತಿದ್ದ ಕರೆಂಟು ಎಷ್ಟು? ಒಂದು ಆಂಪಲ್ಲಿ ಒಂದು ಚೂರು. ಮಾತು ಸಾಗಿಸೋಕೆ ಅಷ್ಟು ಸಾಕು. ಅಲ್ಲಿ ಯಾವ ಕಾಗದ ಇಟ್ರೂ ನಡೀತಿತ್ತು. ಇಲ್ಲಿ ವೋಲ್ಟ್ ಕಮ್ಮಿ, ಹರಿಯೋದು ಹೊಳೆ. ಶಾಕ್ ಹೊಡಿಯಲ್ಲ, ಸುಡುತ್ತೆ."

ತಾತ ತಲೆಯಾಡಿಸಿದ. ಆಮೇಲೆ ನೆಲ ನೋಡುತ್ತಾ ಹೇಳಿದ.

"ವೋಲ್ಟಿನ ಮಾತೆಲ್ಲ ಬಾಯಿಮಾತು. ಮೂರನೇ ಫ್ಯೂಸ್ ಹೋದಾಗಲೇ ನನಗೆ ಗೊತ್ತಾಯ್ತು, ಇದು ಸರಿ ಇಲ್ಲ ಅಂತ. ಸೀಟು ಮುಚ್ಚೋವಾಗ ವೈರು ಮುಟ್ಟಿದೆ. ಬೆಚ್ಚಗಿತ್ತು."

ಅಮ್ಮ ಐಸ್ ಡಬ್ಬಿಯನ್ನು ಕೆಳಗಿಟ್ಟಳು. "ಗೊತ್ತಿದ್ದೂ ಯಾಕಪ್ಪಾ ಸುಮ್ನಿದ್ದೆ? ಅದರ ಮೇಲೆ ಇವಳೂ ಕೂತಿದ್ಲು!"

ತಾತ ಒಂದು ಸಲ ಚೂಟಿಯ ಕಡೆ ನೋಡಿದ, ತಕ್ಷಣ ಬೇರೆ ಕಡೆ ನೋಡಿದ.

ಅಷ್ಟೇ ಸಾಕಾಯಿತು. ಲೈಟು ತೆಗೆಯೋಣ್ವಾ ಎಂದು ತಾತ ಕೇಳಿದ್ದು ಚೂಟಿಗೆ ನೆನಪಾಯಿತು. ಆಗ ತಾನು ಏನೆಂದೆ ಎನ್ನುವುದೂ ನೆನಪಾಯಿತು. ಬೀದಿಗೆಲ್ಲ ಸಾರಿಕೊಂಡು ಬಂದು, ನಿನ್ನ ಕೈಲಿ ಆಗಲ್ವಾ ಎಂದು ಕೇಳಿದರೆ, ಪಾಪ, ತಾತ ಆಗಲ್ಲ ಎಂದು ಹೇಗೆ ಹೇಳಿಯಾನು? ಅವಳ ಮುಖ ಬಿಸಿಯಾಯಿತು. ತಾತ ಹೆದರಿದ್ದು ಹನ್ನೆರಡು ವೋಲ್ಟಿಗಲ್ಲ, ಮೊಮ್ಮಗಳ ಆ ಮಾತಿಗೆ.

"ಹೊಸ ವೈರಿಂಗ್ ಹಾಕೋಕೆ ಎರಡು ದಿನ ಬೇಕು," ಎಂದಳು ಅಕ್ಕ. "ಜೋರು ಹಾರ್ನ್ ಬೇಕೇ ಬೇಕು ಅಂದ್ರೆ ಒಂದು ಹಾಕ್ತೀನಿ. ಬ್ಯಾಟರಿಯಿಂದ ಬೇರೆ ದಪ್ಪ ವೈರು, ಅದಕ್ಕೆ ಅದರದ್ದೇ ಫ್ಯೂಸು. ಫಾಗ್ ಲೈಟ್ ಮಾತ್ರ ಕೇಳಬೇಡಿ. ಈ ಪುಟ್ಟ ಎಂಜಿನ್ನು ಅಷ್ಟು ಕರೆಂಟು ಹುಟ್ಟಿಸಲ್ಲ."

ಅಮ್ಮ ಉತ್ತರಕ್ಕಾಗಿ ಚೂಟಿಯನ್ನು ನೋಡಿದಳು. ಚೂಟಿ, "ಮೊದಲು ಇದ್ದಿದ್ದೇ ಇರ್ಲಿ ಅಕ್ಕ," ಎಂದಳು.

ಬೈಕು ಅಂಗಡಿಯಲ್ಲಿ ಉಳಿಯಿತು. ಮೂವರೂ ನಡೆದು ಹೊರಟರು. ಐಸ್ ಡಬ್ಬಿ ಹಿಡಿದ ಅಮ್ಮ ಮುಂದೆ, ಬ್ಯಾಗು ಹೊತ್ತ ಚೂಟಿ ಮಧ್ಯೆ. ತಾತ ಹತ್ತು ಹೆಜ್ಜೆ ಹಿಂದೆ, ಯಾರಿಗೂ ಸೇರದವನ ಹಾಗೆ ಬರುತ್ತಿದ್ದ.

ತಿರುವಿನಲ್ಲಿ ಸೈಕಲ್ ಮೇಲೆ ಮೈಕು ಎದುರಾದ. ಹಿಂದೆ ಇನ್ನಿಬ್ಬರು ಕ್ಲಾಸಿನವರು.

"ಏಯ್ ಚೂಟಿ! ನಿಮ್ಮ ಗಾಡಿ ಸುಟ್ಟು ಹೋಯ್ತಂತೆ?" ಅವನ ಧ್ವನಿ ಇಡೀ ಬೀದಿಗೆ ಕೇಳಿಸಿತು. "ನಿಮ್ಮ ತಾತನ ರಿಪೇರಿನಾ? ಚಾಕಲೇಟ್ ಕಾಗದ ಹಾಕಿದ್ನಂತೆ!" ಹಿಂದಿನವರಿಬ್ಬರೂ ಕಿಸಕ್ಕೆಂದರು.

ಹಿಂದೆ ತಾತನ ಚಪ್ಪಲಿಯ ಸದ್ದು ನಿಂತಿತು. ಅದು ನಿಂತದ್ದು ಚೂಟಿಗೆ ಗೊತ್ತಾಯಿತು.

"ಕಾಗದ ನಂದು," ಎಂದಳು. ಅವನಷ್ಟೇ ಜೋರಾಗಿ ಹೇಳಿದಳು. "ಹಾರ್ನ್ ಬೇಕು ಅಂದಿದ್ದೂ ನಾನೇ. ಲೈಟ್ ತೆಗೆದುಬಿಡೋಣ ಅಂತ ತಾತ ಹೇಳ್ದ. ನಾನೇ ಬಿಡ್ಲಿಲ್ಲ."

ಮೈಕು ಬಾಯಿ ತೆರೆದ. "ಓ," ಎಂದ. ಬೆಲ್ ಮೇಲೆ ಬೆರಳಾಡಿಸಿ, "ಆಂಟಿಗೆ ಏನೂ ಆಗಿಲ್ಲ ಅಲ್ವಾ?" ಎಂದು ಕೇಳಿದ. ಆಗಿಲ್ಲ ಎಂದು ಕೇಳಿಸಿಕೊಂಡು ಸೈಕಲ್ ತುಳಿದ.

ಚಪ್ಪಲಿಯ ಸದ್ದು ಮತ್ತೆ ಶುರುವಾಯಿತು. ಈ ಸಲ ಬೇಗ ಬೇಗ. ತಾತ ಪಕ್ಕಕ್ಕೆ ಬಂದು ಅವಳ ಹೆಗಲಿನಿಂದ ಬ್ಯಾಗು ತೆಗೆದುಕೊಳ್ಳಲು ಕೈ ಚಾಚಿದ. ಚೂಟಿ ಪೂರ್ತಿ ಬಿಡಲಿಲ್ಲ. ಒಂದು ಪಟ್ಟಿ ಅವನ ಕೈಯಲ್ಲಿ, ಒಂದು ಪಟ್ಟಿ ಅವಳ ಕೈಯಲ್ಲಿ, ಬ್ಯಾಗು ನಡುವೆ ತೂಗಾಡುತ್ತಾ ಬಂತು.

ಮುಂದೆ ಹೋಗುತ್ತಿದ್ದ ಅಮ್ಮ ತಿರುಗಿ ನಿಂತಳು. ಸೊಂಟದ ಮೇಲೆ ಕೈ ಇಟ್ಟಳು.

"ಬೇಗ ಬೇಗ ಹೆಜ್ಜೆ ಹಾಕಿ ಇಬ್ಬರೂ. ನಾನಿನ್ನೂ ಬೈಯೋಕೆ ಶುರುವೇ ಮಾಡಿಲ್ಲ. ಮನೇಲಿದೆ ನಿಮಗೆ!"

ತಾತ ಚೂಟಿಯನ್ನು ನೋಡಿದ. ಚೂಟಿ ತಾತನನ್ನು ನೋಡಿದಳು. ಇಬ್ಬರೂ ಒಟ್ಟಿಗೇ ನಡಿಗೆ ನಿಧಾನ ಮಾಡಿದರು.